ರೋಹಿಡಾ: ಮರುಭೂಮಿಯ ಹೂಮರ



ರಾಜಸ್ಥಾನದ ಮಾರವಾಡ ಪ್ರಾಂತದಲ್ಲಿ, ರೂಪವಿದ್ದು ಗುಣವಿಲ್ಲದವನನ್ನು ಕುರಿತು ‘ಅವನು ರೋಹಿಡಾದ ಹೂವು’ ಎಂದು ಹೇಳುವ ವಾಡಿಕೆಯುಂಟು. ರೋಹಿಡಾ ಎಂಬುದು ಆ ಮರಳುನಾಡಿನ ಒಂದು ಮರ. ಅದರ ಹೂವು ಕಣ್ಣಿಗೆ ಬಹು ಚೆಲುವು. ಆದರೆ ಅದರಲ್ಲಿ ಪರಿಮಳವಿಲ್ಲ. ಈ ಮಾತು ಹುಟ್ಟಿದುದು ಇದರಿಂದ. ಮಲ್ಲಿಗೆ ಸಂಪಿಗೆಗಳ ನಾಡಿನವರಾದ ನಮಗೂ ಇದು ಸರಿಯೆಂದೇ ತೋರುವುದು. ಆದರೆ ಆ ಮರವನ್ನು ಅದು ಬೆಳೆಯುವ ನೆಲದಲ್ಲಿಟ್ಟು ನೋಡಿದರೆ, ಈ ತೀರ್ಪು ನ್ಯಾಯವಾದುದೇ ಎಂಬ ಸಂಶಯವು ಬಾರದಿರದು. ಈ ದಿನ ಆ ವಿಚಾರವನ್ನು ಕೊಂಚ ಪರ್ಯಾಲೋಚಿಸೋಣ.

ಮರುಭೂಮಿಯೆಂದೊಡನೆ ಬರಿಯ ಮರಳಿನ ಅಲೆಗಳನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಥಾರ್ ಮರುಭೂಮಿಯು ಹಾಗಿಲ್ಲ. ಅಲ್ಲಿ ಮರಳದಿಬ್ಬಗಳುಂಟು, ದಿಬ್ಬಗಳ ನಡುವೆ ಸಜ್ಜೆಯ ಹೊಲಗಳುಂಟು, ಕಲ್ಲುಗುಡ್ಡಗಳೂ ಉಂಟು. ನಾವು ವಿಜಯದಶಮಿಯ ದಿನ ಪೂಜಿಸುವ ಬನ್ನಿಯೇ ಅಲ್ಲಿ ಖೇಜಡಿಯೆಂಬ ಹೆಸರಿನಿಂದ ಹೊಲಹೊಲದಲ್ಲಿಯೂ ನಿಂತಿದೆ. ಅದರ ನೆರೆಯವನೇ ಈ ರೋಹಿಡಾ. ಬಾಡಮೇರ್, ಜೈಸಲ್ಮೇರ್, ಜೋಧಪುರ, ಬಿಕಾನೇರ್, ನಾಗೌರ್ ಮುಂತಾದ ಜಿಲ್ಲೆಗಳಲ್ಲಿಯೂ, ಗಡಿಯಾಚೆ ಸಿಂಧ್ ಬಲೂಚಿಸ್ತಾನಗಳಲ್ಲಿಯೂ ಇದು ಕಾಣಬರುವುದು. ವರ್ಷಕ್ಕೆ 6ರಿಂದ 20 ಅಂಗುಲಗಳಷ್ಟು ಮಳೆ ಬಿದ್ದರೆ ಅದಕ್ಕೆ ಸಾಕು. ಬೇಸಗೆಯಲ್ಲಿ ಶಾಖವು 110 ಡಿಗ್ರಿ ಫಾರನ್‌ಹೀಟನ್ನು ಮೀರಿದರೂ, ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಶೀತವಾದರೂ ಅದು ತಾಳಿಕೊಳ್ಳುವುದು.

ಮರವು ದೊಡ್ಡದಲ್ಲ, ಸಾಮಾನ್ಯವಾಗಿ 20–25 ಅಡಿಗಳಿಗೆ ನಿಲ್ಲುವುದು. ಕೊಂಬೆಗಳು ಬಾಗಿ ಜೋಲುವುವು. ಎಲೆಯು ಕಿರಿದಗಲದ್ದು, ಬೂದುಹಸುರು, ಅಂಚು ಅಲೆಯಲೆಯಾದುದು. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಟೆಕೊಮೆಲ್ಲಾ ಅಂಡ್ಯುಲೇಟಾ ಎಂಬ ಹೆಸರಿನ ಉತ್ತರಾರ್ಧವು ಈ ಅಲೆಯಂಚನ್ನೇ ಸೂಚಿಸುತ್ತದೆ. ಮಾಘ ಫಾಲ್ಗುಣಗಳ ವೇಳೆಗೆ, ಸುತ್ತಲ ನೆಲವೆಲ್ಲ ಕಂದಿಹೋಗಿರುವಾಗ, ಈ ಮರವು ಹೂಬಿಡುವುದು. ಎರಡಂಗುಲಕ್ಕೂ ಮಿಕ್ಕಿದ ತುತ್ತೂರಿಯಾಕಾರದ ಹೂಗಳು ಗೊಂಚಲುಗೊಂಚಲಾಗಿ ಅರಳುವುವು. ಒಂದು ಮರದ್ದು ಹಳದಿ, ಇನ್ನೊಂದರದು ಕಿತ್ತಳೆ, ಮತ್ತೊಂದರದು ಕೆಂಪು. ‘ದಾಡಿಮಪುಷ್ಪಕ’, ಎಂದರೆ ದಾಳಿಂಬೆಯಂಥ ಹೂವುಳ್ಳದ್ದು, ಎಂಬುದನ್ನು ಅಮರಕೋಶವು ರೋಹಿತಕಕ್ಕೆ ಪರ್ಯಾಯವಾಗಿ ಹೇಳಿದೆ. ವೈದ್ಯರಲ್ಲಿ ರೋಹಿತಕವೆಂಬ ಹೆಸರು ಬೇರೊಂದು ಕುಲದ ಮರಕ್ಕೂ ಸಲ್ಲುವುದುಂಟು. ಆದರೆ ಈ ವಿಶೇಷಣವು ನಮ್ಮ ರೋಹಿಡಾಕ್ಕೆ ಚೆನ್ನಾಗಿ ಒಪ್ಪುವುದು.

ಇನ್ನು ಪರಿಮಳದ ಮಾತು. ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿ ನಾವು ನೋಡುವ ಆಕಾಶಮಲ್ಲಿಗೆಯೂ ರೋಹಿಡಾವೂ ಒಂದೇ ಕುಟುಂಬಕ್ಕೆ ಸೇರಿದುವು. ಆಕಾಶಮಲ್ಲಿಗೆಯ ಕಂಪನ್ನು ಅರಿಯದವರಾರು? ಸೋದರರಲ್ಲಿ ಒಬ್ಬನಿಗೆ ಸುಗಂಧ, ಇನ್ನೊಬ್ಬನಿಗೆ ಅದಿಲ್ಲದಿರಲು ಕಾರಣವೇನು? ಆಕಾಶಮಲ್ಲಿಗೆಯು ರಾತ್ರಿ ಅರಳುವುದು. ಅದರ ಪರಾಗವನ್ನು ಹೊತ್ತೊಯ್ಯತಕ್ಕವು ಇರುಳಿನಲ್ಲಿ ಹಾರಾಡುವ ಪತಂಗಗಳು. ಕತ್ತಲೆಯಲ್ಲಿ ಬಣ್ಣದಿಂದೇನು ಪ್ರಯೋಜನ? ಆದುದರಿಂದ ಅದು ಬಿಳಿದಾಗಿ ಅರಳಿ, ಗಂಧದಿಂದ ಅತಿಥಿಯನ್ನು ಕರೆಯುವುದು. ರೋಹಿಡಾದ ಅತಿಥಿಗಳಾದರೋ ಹಗಲಿನ ಹಕ್ಕಿಗಳು: ಪಿಕಳಾರ, ಸೂರಕ್ಕಿ ಮೊದಲಾದುವು. ಇವು ಹೂವನ್ನು ಅರಸುವುದು ಕಣ್ಣಿನಿಂದ. ದೂರದಿಂದ ಕಾಣುವ ಬಣ್ಣವನ್ನೂ, ಬಂದವರಿಗೆ ಯಥೇಚ್ಛವಾದ ಮಧುವನ್ನೂ ಮರವು ಒದಗಿಸಿದೆ. ನೀರು ದುರ್ಲಭವಾದ ಕಾಲದಲ್ಲಿ ಈ ತೆಳುವಾದ ಮಧುವು ಹಕ್ಕಿಗಳಿಗೆ ಅನ್ನವೂ ಹೌದು, ಪಾನವೂ ಹೌದು. ಹೂವು ನಮ್ಮ ಮೂಗಿಗಾಗಿ ಅರಳಿದುದಲ್ಲವೆಂದ ಮೇಲೆ, ಗಂಧವಿಲ್ಲವೆಂದು ಅದನ್ನು ಗುಣಹೀನವೆನ್ನುವುದು ಹೇಗೆ?

ಉಳಿದ ಗುಣಗಳನ್ನೂ ನೋಡೋಣ. ನೆಲದ ಮೇಲ್ಪದರದಲ್ಲಿ ಹರಡುವ ಇದರ ಬೇರುಗಳು ಮರಳನ್ನು ಹಿಡಿದು ನಿಲ್ಲಿಸುತ್ತವೆ. ಮರದ ಸಾಲು ಬಿಸಿಗಾಳಿಗೆ ಅಡ್ಡವಾಗುತ್ತದೆ. ಎಲೆಯನ್ನು ಒಂಟೆ, ಆಡು, ಕುರಿಗಳು ಮೇಯುವುವು. ತೊಗಟೆಯು ಔಷಧಿಗೆ ಸಲ್ಲುವುದು. ಮರದ ಚೇಗಂತೂ ಗಟ್ಟಿಯಾದುದು, ಬಾಳಿಕೆಯುಳ್ಳದ್ದು, ನಯವಾದ ಹೊಳಪನ್ನು ತಾಳತಕ್ಕದ್ದು. ‘ಮಾರವಾಡದ ತೇಗ’ವೆಂಬ ಹೆಸರು ಇದಕ್ಕೆ ಸುಮ್ಮನೆ ಬಂದುದಲ್ಲ. ಕೆತ್ತನೆಯ ಕೆಲಸಕ್ಕೂ ಪೀಠೋಪಕರಣಗಳಿಗೂ ಬಡಗಿಗಳು ಇದನ್ನೇ ಬಯಸುತ್ತಾರೆ.

ದುರದೃಷ್ಟವಶಾತ್ ಈ ಗುಣವೇ ಮರಕ್ಕೆ ಮೃತ್ಯುವಾಗಿದೆ. ರೋಹಿಡಾ ಮೆಲ್ಲನೆ ಬೆಳೆಯುವ ಮರ. ಒಳ್ಳೆಯ ದಿಮ್ಮಿಯಾಗಲು ದಶಕಗಳೇ ಬೇಕು. ಕೊಡಲಿಗೆ ಒಂದು ಹಗಲು ಸಾಕು. ಕಾಯಿ ಬಿರಿದಾಗ ರೆಕ್ಕೆಯುಳ್ಳ ಬೀಜಗಳು ಗಾಳಿಯಲ್ಲಿ ತೇಲಿಹೋಗುವುವು. ಎಲ್ಲಿಯೋ ಮೊಳೆತ ಸಸಿಯನ್ನು ಆಡು ಮೇದರೆ ಉಳಿದುದನ್ನು ಟ್ರಾಕ್ಟರಿನ ನೇಗಿಲು ಕಿತ್ತೊಗೆಯುವುದು. 1958ರಲ್ಲಿ ಕೆಲಸವಾರಂಭವಾದ ರಾಜಸ್ಥಾನ ಕಾಲುವೆಯು, ಎಂದರೆ ಇಂದಿನ ಇಂದಿರಾ ಗಾಂಧಿ ಕಾಲುವೆಯು, ಮರುಭೂಮಿಯ ಪಶ್ಚಿಮ ಭಾಗಕ್ಕೆ ನೀರನ್ನು ತಂದಿತು. ಅದು ಜನಕ್ಕೆ ಉಪಕಾರವೇ ಸರಿ. ಆದರೆ ಹುಲ್ಲುಗಾವಲೂ ಬೀಳುನೆಲವೂ ಸಾಗುವಳಿಗೆ ಬಂದಷ್ಟೂ ಹಳೆಯ ಮರಗಳಿಗೆ ಎಡೆ ಕಿರಿದಾಯಿತು. ಇದರೊಡನೆ, ನಾವು ಬಳ್ಳಾರಿ ಜಾಲಿಯೆಂದು ಕರೆಯುವ ಅಮೆರಿಕದ ಮರವು ಬೇಗ ಬೆಳೆಯುವುದೆಂಬ ಕಾರಣದಿಂದ ಅಲ್ಲಿಯೂ ಹಬ್ಬಿತು. 1940ರಲ್ಲಿ ಜೋಧಪುರ ಸಂಸ್ಥಾನವು ಅದಕ್ಕೆ ರಾಜವೃಕ್ಷದ ಮನ್ನಣೆಯನ್ನೇ ಕೊಟ್ಟಿತ್ತು. ಹೊರಗಿನಿಂದ ಬಂದುದು ಹಬ್ಬಿದ ಕಡೆ ನಾಡಿನ ಗಿಡಮರಗಳು ಹಿಂದೆ ಸರಿದುವು.

1983ರಲ್ಲಿ ರಾಜಸ್ಥಾನ ಸರಕಾರವು ಖೇಜಡಿಯನ್ನು ರಾಜ್ಯವೃಕ್ಷವೆಂದೂ ರೋಹಿಡಾವನ್ನು ರಾಜ್ಯಪುಷ್ಪವೆಂದೂ ಘೋಷಿಸಿತು. ಸಂತೋಷವೇ. ಆದರೆ ಹೂವಿಗೆ ಗೌರವವನ್ನು ಸಲ್ಲಿಸಿ ಮರವನ್ನು ಕಡಿದರೆ ಆ ಗೌರವಕ್ಕೆ ಅರ್ಥವಿಲ್ಲ. ಬೀಜವು ಹೊಸದಾಗಿದ್ದಾಗಲೇ ಬಿತ್ತಿ ಸಸಿಮಾಡುವುದು, ಮೊದಲ ಕೆಲವು ವರ್ಷ ದನಕರುಗಳಿಂದ ಕಾಪಾಡುವುದು, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದುದನ್ನು ಉಳಿಸುವುದು, ಇವು ರೈತನ ಕೈಯಲ್ಲೇ ಇರುವ ಉಪಾಯಗಳು. ಆದರೆ ತಾನು ನೆಟ್ಟುದರ ದಿಮ್ಮಿಯು ಮಗನಿಗೋ ಮೊಮ್ಮಗನಿಗೋ ದೊರೆಯುವುದಾದರೆ, ಅವನೊಬ್ಬನೇ ಆ ಭಾರವನ್ನು ಹೊರಬೇಕೆನ್ನುವುದು ಸಲ್ಲದು. ಪೀಠೋಪಕರಣಗಳನ್ನು ಕೊಳ್ಳುವ ಪಟ್ಟಣಿಗರಾದ ನಮಗೂ, ಅವು ಯಾವ ಮರದವು, ಎಲ್ಲಿಂದ ಬಂದುವು ಎಂದು ಕೇಳುವ ಹೊಣೆಯುಂಟು.

ಗಾದೆಗಳು ಬಹುಕಾಲದ ಅನುಭವದ ಸಾರವೆಂಬುದು ನಿಜ. ಆದರೂ ಈ ಒಂದು ಗಾದೆಯನ್ನು ನಾವು ತಿದ್ದಿಕೊಳ್ಳಬಹುದು. ಮರಳನ್ನು ಹಿಡಿದು, ಪಶುವಿಗೆ ಮೇವನ್ನೂ ಹಕ್ಕಿಗೆ ಮಧುವನ್ನೂ ಬಡಗಿಗೆ ಮರವನ್ನೂ ಕೊಟ್ಟು, ಬರದ ನಡುವೆ ಹೂಬಿಟ್ಟು ನಿಲ್ಲುವವನನ್ನು ಇನ್ನು ಮೇಲೆ ‘ರೋಹಿಡಾದ ಹೂವು’ ಎಂದು ಕರೆಯೋಣ.