ಮೂರೂಮುಕ್ಕಾಲು ಲಕ್ಷದ ಗಾಡಿ, ಘಾಟಿ ದಾರಿ ಮತ್ತು ಐದು ವರ್ಷದ ಇಎಂಐ

ಸಾಮಾನ್ಯವಾಗಿ ಇಲ್ಲಿ ಸಂಬಳ, ಸಾಲ, ಟ್ಯಾಕ್ಸ್ ಬಗ್ಗೆ ಮಾತಾಡ್ತೀವಿ. ಇವತ್ತು ಬೈಕ್. ಆದರೂ ಕೊನೆಗೆ ಸಾಲದ ಹತ್ರಾನೇ ಬರ್ತೀವಿ, ಅದು ನನ್ನ ಚಾಳಿ.

ತರೀಕೆರೆ ಕಡೆಯ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದಾನೆ. ಬೆಂಗಳೂರಲ್ಲಿ ಕೆಲಸ, ಕೈಗೆ 34 ಸಾವಿರ ಸಂಬಳ. ಅಡ್ವೆಂಚರ್ ಬೈಕ್ ತಗೋಬೇಕು ಅಂತ ಆಸೆ. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ 80 ಸಾವಿರ ಕೊಡ್ತೀನಿ ಅಂದಿದ್ದಾರೆ, ಉಳಿದ ಮೂರು ಲಕ್ಷಕ್ಕೆ ಐದು ವರ್ಷದ ಲೋನ್. "ಅಣ್ಣ, ನಿಮ್ಮ ಹತ್ರ ಇದೆಯಲ್ಲ, ತಗೊಳ್ಳಲಾ ಬೇಡವಾ, ಒಂದೇ ಮಾತಲ್ಲಿ ಹೇಳಿ" ಅಂತ ಕೇಳಿದ್ದಾನೆ. ಒಂದೇ ಮಾತಲ್ಲಿ ಆಗಲ್ಲಪ್ಪಾ. ಅದಕ್ಕೇ ಈ ಸಂಚಿಕೆ.

ಹೌದು, ನನ್ನ ಹತ್ರ ಒಂದಿದೆ. ಎರಡು ವರ್ಷ ಆಯ್ತು, 23 ಸಾವಿರ ಕಿಲೋಮೀಟರ್ ಓಡಿಸಿದ್ದೀನಿ. ಯಾವ ಕಂಪನಿ ಅಂತ ಹೇಳಲ್ಲ. ಹೇಳಿದ್ರೆ ಮುಂದಿನ ಒಂದು ವಾರ ನೀವೆಲ್ಲ ಅದರ ಬಗ್ಗೆನೇ ಜಗಳ ಆಡ್ತೀರಾ, ದುಡ್ಡಿನ ವಿಷಯ ಯಾರೂ ಕೇಳಿಸ್ಕೊಳ್ಳಲ್ಲ.

ಗೊತ್ತಿಲ್ಲದವರಿಗೆ ಒಂಚೂರು ಹಿನ್ನೆಲೆ. ಅಡ್ವೆಂಚರ್ ಬೈಕ್ ಅಂದ್ರೆ ಎತ್ತರದ ಗಾಡಿ, ಮುಂದೆ ದೊಡ್ಡ ಚಕ್ರ, ಉದ್ದ ಸಸ್ಪೆನ್ಷನ್, ಅಗಲ ಹ್ಯಾಂಡಲ್. ಟಾರ್ ಮೇಲೂ ಹೋಗಬೇಕು, ಟಾರ್ ಮುಗಿದ ಮೇಲೂ ಹೋಗಬೇಕು. ವಿದೇಶದಲ್ಲಿ ಮಿಡಲ್‌ವೇಟ್ ಅಂದ್ರೆ 700, 800 ಸಿಸಿ. ನಮ್ಮಲ್ಲಿ ಜನ ಹಾಗಂತ ಕರೆಯೋದು 400, 450 ಸಿಸಿ ಗಾಡಿಗಳನ್ನ. ಈ ಹುಚ್ಚನ್ನ ನಮ್ಮ ಸಂಬಳದವರ ಹತ್ರಕ್ಕೆ ತಂದಿದ್ದು 2016ರಲ್ಲಿ ಬಂದ ಮೊದಲ ಹಿಮಾಲಯನ್, 411 ಸಿಸಿ. 2023ರ ಕೊನೆಗೆ ಬಂದ ಹೊಸ ಹಿಮಾಲಯನ್ 450ರಲ್ಲಿ 452 ಸಿಸಿ ಇಂಜಿನ್, ಸುಮಾರು 40 ಹಾರ್ಸ್‌ಪವರ್, 196 ಕೆಜಿ ತೂಕ, 825 ಮಿಲಿಮೀಟರ್ ಸೀಟ್ ಎತ್ತರ. ಕೆಟಿಎಂ 390 ಅಡ್ವೆಂಚರ್ ಸುಮಾರು 399 ಸಿಸಿ. ಅಂಕಿಗಳು ಸ್ವಲ್ಪ ಹೆಚ್ಚುಕಮ್ಮಿ, ಈ ಗುಂಪಿನ ಗಾಡಿಗಳೆಲ್ಲ ಇದೇ ಅಳತೆಯ ಆಸುಪಾಸು.

ಈಗ 350 ಅನ್ನೋ ಅಂಕಿ ನೆನಪಿಟ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತಲ್ಲ, ಆಗ 350 ಸಿಸಿವರೆಗಿನ ಬೈಕ್‌ಗೆ 28 ಪರ್ಸೆಂಟ್ ಇದ್ದಿದ್ದು 18ಕ್ಕೆ ಇಳೀತು. 350 ದಾಟಿದ ಬೈಕ್‌ಗೆ ಮೊದಲು 28ರ ಜೊತೆ 3 ಸೆಸ್, ಒಟ್ಟು 31 ಇತ್ತು. ಅದು 40 ಆಯ್ತು. ಉದಾಹರಣೆಗೆ ತೆರಿಗೆಗೆ ಮುಂಚೆ 2.2 ಲಕ್ಷದ ಒಂದು ಗಾಡಿ ಅಂದ್ಕೊಳ್ಳಿ. 18 ಪರ್ಸೆಂಟ್ ಆದ್ರೆ ಜಿಎಸ್‌ಟಿ 39,600 ರೂಪಾಯಿ. 40 ಆದ್ರೆ 88,000. ಇಂಜಿನ್ ಒಂದು ಗೆರೆ ದಾಟಿದ್ದಕ್ಕೆ 48,400 ವ್ಯತ್ಯಾಸ.

ಅಲ್ಲಿಗೆ ಮುಗೀಲಿಲ್ಲ. ಜಿಎಸ್‌ಟಿ ಸೇರಿ ಈ ಗಾಡಿ 3.08 ಲಕ್ಷ ಆಯ್ತು. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕ್‌ಗೆ ಜೀವಾವಧಿ ರಸ್ತೆ ತೆರಿಗೆ 18 ಪರ್ಸೆಂಟ್. ಅದೂ ಈ ಜಿಎಸ್‌ಟಿ ಸೇರಿದ ಬೆಲೆ ಮೇಲೆ! ತೆರಿಗೆ ಮೇಲೆ ತೆರಿಗೆ. 55,440 ರೂಪಾಯಿ, ಆಮೇಲೆ ಅದಕ್ಕೊಂದು ಸೆಸ್. ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರದಲ್ಲಿ 150ರಿಂದ 350 ಸಿಸಿಗೆ ಇದು 7,365 ರೂಪಾಯಿ, 350 ದಾಟಿದ್ರೆ 15,117. ಎಲ್ಲ ಸೇರಿ ಆನ್‌ರೋಡ್ ಮೂರೂಮುಕ್ಕಾಲು ಲಕ್ಷ ದಾಟುತ್ತೆ. ಶೋರೂಮ್‌ಗೆ ಹೋಗೋ ಮುಂಚೆ ಈ ಲೆಕ್ಕ ಒಂದು ಕಾಗದದ ಮೇಲೆ ಬರ್ಕೊಳ್ಳಿ. ಅಲ್ಲಿ ಹೋದ್ಮೇಲೆ ತಲೆ ಓಡಲ್ಲ, ಗಾಡಿ ವಾಸನೆಗೇ ಅರ್ಧ ಸೈನ್ ಮಾಡಿರ್ತೀವಿ.

ಈಗ ಲೋನ್. ಲೆಕ್ಕಕ್ಕೆ ಬಡ್ಡಿ 11 ಪರ್ಸೆಂಟ್ ಅಂತ ಹಿಡಿಯೋಣ. ಮೂರು ಲಕ್ಷಕ್ಕೆ ಐದು ವರ್ಷ ಅಂದ್ರೆ ತಿಂಗಳಿಗೆ ಸುಮಾರು 6,520. ಕೇಳೋಕೆ ಹಗುರ. ಆದ್ರೆ ಕೊನೆಗೆ ಕಟ್ಟೋ ಬಡ್ಡಿ 91 ಸಾವಿರ ದಾಟುತ್ತೆ. ಅದೇ ಮೂರು ವರ್ಷಕ್ಕೆ ಮಾಡಿದ್ರೆ ಇಎಂಐ 9,820, ಬಡ್ಡಿ ಸುಮಾರು 53,500. ಅಂದ್ರೆ ಕಂತು ಹಗುರ ಮಾಡ್ಕೊಳ್ಳೋ ಸುಖಕ್ಕೆ 38 ಸಾವಿರ ಜಾಸ್ತಿ. ಒಳ್ಳೆ ಹೆಲ್ಮೆಟ್, ಜಾಕೆಟ್, ಬೂಟು, ಗ್ಲೌಸ್ ತಗೊಂಡು ಒಂದೆರಡು ಸಲ ಊರು ಸುತ್ತಿ ಬರೋ ದುಡ್ಡು ಅದು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಈ ತಿಂಗಳಿಂದ ಆರು ತಿಂಗಳು, ಸಂಬಳ ಬಂದ ದಿನಾನೇ 9,800 ರೂಪಾಯಿ ಆರ್‌ಡಿಗೆ ಹಾಕು. ಬಾಡಿಗೆ, ಊಟ, ಮನೆಗೆ ಕಳಿಸೋದು ಎಲ್ಲ ಮುಗಿದು ಇದೂ ನಿಭಾಯಿಸಿದ್ರೆ ಮೂರು ವರ್ಷದ ಸಾಲ ನಿನ್ನ ಕೈಲಾಗುತ್ತೆ. ಮೇಲೆ 58,800 ಕೈಲಿರುತ್ತೆ, ಸಾಲಾನೂ ಅಷ್ಟು ಕಡಿಮೆ. ಮೂರನೇ ತಿಂಗಳಿಗೇ ಆರ್‌ಡಿ ಮುರಿಯೋ ಹಾಗಾದ್ರೆ ಅಪ್ಪನ ಅಡಿಕೆ ದುಡ್ಡು ಅಪ್ಪನ ಹತ್ರಾನೇ ಇರಲಿ. ಅವನಿಗೆ ಸ್ವಲ್ಪ ಬೇಜಾರಾಗಿದೆ ಅನ್ಸುತ್ತೆ, ಬರೀ ಒಂದು ತಂಬ್ಸ್‌ಅಪ್ ಕಳಿಸಿದ್ದಾನೆ.

ದುಡ್ಡು ಸಾಕು. ಗಾಡಿ ಜೊತೆ ದಿನಾ ಬದುಕೋದು ಹೇಗೆ ಅಂತ ಹೇಳ್ತೀನಿ. ವೀಡಿಯೊಗಳಲ್ಲಿ ನೀವು ನೋಡೋದು ಲಡಾಖು, ಸ್ಪಿತಿ, ನೀರು ಚಿಮ್ಮಿಸ್ಕೊಂಡು ಹೊಳೆ ದಾಟೋದು. ನನ್ನ 23 ಸಾವಿರ ಕಿಲೋಮೀಟರಲ್ಲಿ ಹೆಚ್ಚಿನ ಪಾಲು ಬೆಂಗಳೂರಿನ ಟ್ರಾಫಿಕ್. ಸಿಲ್ಕ್ ಬೋರ್ಡ್ ಹತ್ರ ಮೇ ತಿಂಗಳ ಮಧ್ಯಾಹ್ನ ರೇಡಿಯೇಟರ್ ಫ್ಯಾನ್ ಶುರುವಾದ್ರೆ ಮೊಣಕಾಲಿಗೆ ಬಿಸಿಗಾಳಿ, ಥೇಟ್ ಬೋಂಡದ ಬಾಣಲೆ ಮುಂದೆ ನಿಂತ ಹಾಗೆ. ನನ್ನ ಎತ್ತರ ಐದು ಅಡಿ ಆರು ಇಂಚು. ಸಿಗ್ನಲ್‌ನಲ್ಲಿ ಎರಡೂ ಕಾಲು ಊರೋಕಾಗಲ್ಲ. ಸೊಂಟ ಒಂದು ಕಡೆ ಜಾರಿಸಿ ಒಂದೇ ಕಾಲು ಗಟ್ಟಿಯಾಗಿ ಊರಬೇಕು. ಆ ಕಾಲಿನ ಕೆಳಗೆ ಗುಂಡಿ ಇದೆಯಾ ಅಂತ ನಿಲ್ಲಿಸೋ ಮುಂಚೆನೇ ನೋಡೋ ಅಭ್ಯಾಸ ತಾನಾಗೇ ಬರುತ್ತೆ. ಅಮ್ಮ ಒಂದೇ ಸಲ ಹಿಂದೆ ಕೂತಿದ್ದು. "ಏಣಿ ಇಟ್ಕೊಂಡು ಹತ್ತಬೇಕೇನೋ ಇದಕ್ಕೆ, ಇಷ್ಟು ದುಡ್ಡಿಗೆ ಹಳೇ ಕಾರ್ ಬರ್ತಿತ್ತಲ್ಲೋ" ಅಂದ್ರು. ತಪ್ಪೇನಿಲ್ಲ, ಬರ್ತಿತ್ತು.

ಇನ್ನೊಂದು ತಮಾಷೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ. 40 ಹಾರ್ಸ್‌ಪವರ್ ಇಟ್ಕೊಂಡು ಸರ್ವಿಸ್ ರಸ್ತೆಲಿ ಆಟೋ ಹಿಂದೆ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗ್ತಿರ್ತೀವಿ. ಪಕ್ಕದಲ್ಲಿ ಸಣ್ಣ ಕಾರುಗಳು ಸುಂಯ್ ಅಂತ ಪಾಸ್ ಆಗ್ತಿರ್ತವೆ.

ಹಾಗಾದ್ರೆ ಯಾಕೆ ಇಟ್ಕೊಂಡಿದ್ದೀಯ ಅಂತ ಕೇಳ್ತೀರಾ. ರಸ್ತೆ ಕೆಟ್ಟ ಮೇಲೆ ಈ ಗಾಡಿಗೆ ಜೀವ ಬರುತ್ತೆ. ಮೂಡಿಗೆರೆ ಆಚೆ, ಬಿಸಿಲೆ ಕಡೆ, ಮಳೆಗಾಲ ಮುಗಿದ ಹೊಸತರಲ್ಲಿ ಟಾರು ಕಿತ್ತು ಬರೀ ಜಲ್ಲಿ ಉಳಿದಿರುತ್ತೆ. ಅಲ್ಲಿ 21 ಇಂಚಿನ ಮುಂದಿನ ಚಕ್ರ ಗುಂಡಿಯೊಳಗೆ ಬೀಳದೆ ಮೇಲೇ ಉರುಳ್ಕೊಂಡು ಹೋಗುತ್ತೆ. ಫುಟ್‌ಪೆಗ್ ಮೇಲೆ ಎದ್ದು ನಿಂತ್ರೆ ಮಂಡಿನೇ ಎರಡನೇ ಸಸ್ಪೆನ್ಷನ್. ಗಾಡಿ ಕೆಳಗೆ ಕುಣೀತಾ ಇರುತ್ತೆ, ಮೈ ಮಾತ್ರ ಅಲ್ಲಾಡಲ್ಲ. ಮಂಡಿಯಿಂದ ಟ್ಯಾಂಕ್ ಅಮುಕಿ, ಹ್ಯಾಂಡಲ್ ಸಡಿಲವಾಗಿ ಹಿಡೀಬೇಕು. ಬಿಗಿ ಹಿಡಿದ್ರೆ ಪ್ರತಿ ಕಲ್ಲೂ ಭುಜಕ್ಕೆ ಬರುತ್ತೆ. ಘಾಟಿ ಇಳಿಯುವಾಗ ಎರಡನೇ ಗೇರ್‌ಗೆ ಹಾಕಿ ಇಂಜಿನ್‌ನೇ ಬ್ರೇಕ್ ಮಾಡಲಿ ಅಂತ ಬಿಡೋದು. ಚಾರ್ಮಾಡಿ ತಿರುವಲ್ಲಿ, ಮಂಜಲ್ಲಿ, ಮುಂದಿನ ಬಸ್ಸಿನ ಕೆಂಪು ದೀಪ ಒಂದೇ ಕಾಣ್ತಿರುವಾಗ ಹಾಗೆ ಇಳೀತಿದ್ರೆ ಇಎಂಐ ನೆನಪಾಗಲ್ಲ. ಸುಳ್ಳು ಹೇಳಲ್ಲ, ಅದಕ್ಕೇ ಇಟ್ಕೊಂಡಿರೋದು.

ಆದ್ರೆ ಅದೇ ದಾರೀಲಿ ನನ್ನ ಜಂಬ ಇಳಿಸಿದವರೂ ಇದ್ದಾರೆ. ನಾನು ಹೆಲ್ಮೆಟ್, ಮಂಡಿ ಗಾರ್ಡ್, ಬೂಟು ಎಲ್ಲ ಹಾಕ್ಕೊಂಡು ಜಲ್ಲಿ ದಾರೀಲಿ ಏರ್ತಾ ಇದ್ದೆ. ಎದುರಿಂದ ಒಬ್ಬರು ಹಿರಿಯರು, ಟಿವಿಎಸ್ ಎಕ್ಸ್‌ಎಲ್, ಮುಂದೆ ಗೊಬ್ಬರದ ಚೀಲ, ಹಿಂದೆ ಹೆಂಡತಿ, ಕಾಲಲ್ಲಿ ಹವಾಯಿ ಚಪ್ಪಲಿ. ನಿಲ್ಲಿಸಿ ನನ್ನ ಗಾಡಿ ಮೇಲೆ ಕೆಳಗೆ ನೋಡಿ, "ಎಂತದು ಮಾರಾಯ್ರೆ ಇದು, ಇಷ್ಟು ಎತ್ತರ? ತೋಟದೊಳಗೆ ಹೋಗ್ತದಾ?" ಅಂದ್ರು. ಅವರಿಗೆ ಅದು ದಿನದ ದಾರಿ, ಅಡ್ವೆಂಚರ್ ಅಂತ ಯಾರೂ ಹೆಸರಿಟ್ಟಿಲ್ಲ. ಹಾಗಾಗಿ "ನಮ್ಮೂರ ರಸ್ತೆಗೆ ಇಂಥ ಗಾಡೀನೇ ಬೇಕು" ಅಂತ ಮನೇಲಿ ವಾದ ಮಾಡ್ತಿರೋರು ದಯವಿಟ್ಟು ಆ ವಾದ ಬಿಡಿ. ಬೇಕು ಅನ್ನಿಸಿದೆ, ಅದಕ್ಕೆ ಬೇಕು. ಅಷ್ಟು ಹೇಳಿದ್ರೆ ಸಾಕು.

ಪಂಕ್ಚರ್ ವಿಷಯ ಹೇಳಲೇಬೇಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟು ಮೂರ್ನಾಲ್ಕು ಕಿಲೋಮೀಟರ್ ಆಗಿತ್ತು, ಹಿಂದಿನ ಟೈರ್‌ಗೆ ಮೊಳೆ. ಕಡ್ಡಿ ಚಕ್ರ, ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಆಗಿದ್ರೆ ದಾರೀಲೇ ಬತ್ತಿ ತುರುಕಿ ಗಾಳಿ ಹೊಡ್ಕೊಂಡು ಹೋಗಬಹುದಿತ್ತು. ಟ್ಯೂಬ್ ಅಂದ್ರೆ ಚಕ್ರ ಬಿಚ್ಚಲೇಬೇಕು. ಫೋನ್‌ಗೆ ನೆಟ್‌ವರ್ಕ್ ಇಲ್ಲ. ಒಂದು ಪಿಕಪ್‌ನವರು ನಿಲ್ಲಿಸಿ ಪಂಕ್ಚರ್ ಅಂಗಡಿಯವರಿಗೆ ಹೇಳಿ ಕಳಿಸಿದ್ರು. ಆ ಅಣ್ಣ ಬಂದು ನೋಡಿ ನಕ್ಕರು. ಹಿಂದಿನ ಆಕ್ಸಲ್ ನಟ್ ಅಷ್ಟು ದೊಡ್ಡದು, ಅವರ ಹತ್ರ ಆ ಅಳತೆ ಸ್ಪ್ಯಾನರ್ ಇಲ್ಲ. ಪುಣ್ಯಕ್ಕೆ ನನ್ನ ಬ್ಯಾಗಲ್ಲಿತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ, ಕೆಳಗೊಂದು ಹಲಗೆ ಇಟ್ಟು, ಇಬ್ಬರೂ ಸೇರಿ ಟೈರ್ ಬಿಚ್ಚೋಕೆ ಒಂದು ಗಂಟೆ. ಪ್ಯಾಚ್ ಹಾಕಿ 150 ರೂಪಾಯಿ ಸಾಕು ಅಂದ್ರು, ನಾನು 300 ಕೊಟ್ಟೆ. ಬೇಡ ಬೇಡ ಅಂತ ಟೀ ಕುಡಿಸಿ ಕಳಿಸಿದ್ರು.

ಅದಕ್ಕೇ ಹೇಳ್ತೀನಿ, ಬಣ್ಣ ಆರಿಸೋ ಮುಂಚೆ ಟ್ಯೂಬಾ, ಟ್ಯೂಬ್‌ಲೆಸ್ಸಾ ನೋಡಿ. ಟ್ಯೂಬ್ ಆದ್ರೆ ಹಿಂದೆ ಮುಂದೆ ಒಂದೊಂದು ಸ್ಪೇರ್ ಟ್ಯೂಬು, ಟೈರ್ ಲಿವರ್, ಪಂಪು, ಆ ದೊಡ್ಡ ಸ್ಪ್ಯಾನರು ನಿಮ್ಮ ಬ್ಯಾಗಲ್ಲೇ ಇರಬೇಕು. ಸಣ್ಣ ಊರಲ್ಲಿ ಎಲ್ಲರ ಬೈಕಿನ ಟ್ಯೂಬೂ ಸಿಗುತ್ತೆ, ಈ 21 ಇಂಚಿಂದು ಸಿಗೋದು ಕಷ್ಟ. ಚೈನ್ ಐನೂರು ಕಿಲೋಮೀಟರಿಗೊಮ್ಮೆ ಒರೆಸಿ ಲ್ಯೂಬ್ ಹಾಕಿ, ಮಳೇಲಿ ಓಡಿಸಿದ್ರೆ ಅವತ್ತೇ ರಾತ್ರಿ.

ತೂಕದ ಬಗ್ಗೆ ಯಾರೂ ಶೋರೂಮಲ್ಲಿ ಹೇಳಲ್ಲ. ಟ್ಯಾಂಕ್ ತುಂಬಿ, ಲಗೇಜ್ ಕಟ್ಟಿದ ಗಾಡಿ ಇನ್ನೂರು ಕೆಜಿ ದಾಟುತ್ತೆ. ಕೆಸರಲ್ಲಿ ಬೀಳುತ್ತೆ, ಎಲ್ಲರದ್ದೂ ಬೀಳುತ್ತೆ. ಬಿದ್ದ ಕೂಡಲೇ ಇಂಜಿನ್ ಆಫ್ ಮಾಡಿ. ಬಲಕ್ಕೆ ಬಿದ್ದಿದ್ರೆ ಮೊದಲು ಸೈಡ್ ಸ್ಟ್ಯಾಂಡ್ ಬಿಡಿಸಿ, ಇಲ್ಲಾಂದ್ರೆ ಎತ್ತಿದ ಗಾಡಿ ಆ ಕಡೆ ಬೀಳುತ್ತೆ. ಜಾರದ ಹಾಗೆ ಗೇರಲ್ಲಿಡಿ. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಸೀಟಿಗೆ ಒರಗಿ, ಒಂದು ಕೈ ಹ್ಯಾಂಡಲ್, ಒಂದು ಕೈ ಹಿಂದಿನ ರ‍್ಯಾಕ್, ಬೆನ್ನು ನೆಟ್ಟಗೆ, ಕಾಲಿಂದ ತಳ್ಳುತ್ತಾ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ. ಮುಂದೆ ಬಗ್ಗಿ ಕೈಲಿ ಎಳೆದ್ರೆ ಸೊಂಟ ಹಿಡ್ಕೊಳ್ಳುತ್ತೆ. ತಗೊಳ್ಳೋ ಮುಂಚೆ ಇಂಥ ಗಾಡಿ ಇರೋ ಗೆಳೆಯರ ಹತ್ರ ಹೋಗಿ, ಹುಲ್ಲಿನ ಮೇಲೆ ಮಲಗಿಸಿ ಎತ್ತಿ ನೋಡಿ. ಎತ್ತೋಕಾಗಲಿಲ್ಲ ಅಂದ್ರೆ ಒಂಟಿಯಾಗಿ ಕಾಡು ದಾರಿ ಹಿಡೀಬೇಡಿ.

ಕಾಡು ಅಂದಾಗ ನೆನಪಾಯ್ತು, ಸ್ವಲ್ಪ ಜಗಳ ಆಡ್ಬೇಕು. ಈ ಗಾಡಿ ಎಲ್ಲಿ ಬೇಕಾದ್ರೂ ಹೋಗುತ್ತೆ ಅಂತ ಚಿಕ್ಕಮಗಳೂರಿನ ಗುಡ್ಡದ ಹುಲ್ಲುಗಾವಲ ಮೇಲೆ ಹತ್ತಿಸಿ ರೀಲ್ ಮಾಡ್ತಾರೆ. ಆ ಹುಲ್ಲಿನ ಬೇರೇ ಅಲ್ಲಿ ಮಣ್ಣನ್ನ ಹಿಡಿದಿಟ್ಟಿರೋದು. ಒಂದು ಟೈರ್ ಗೆರೆ ಬಿದ್ರೆ ಮುಂದಿನ ಮಳೆಗೆ ನೀರು ಅದೇ ಗೆರೆ ಹಿಡಿದು ಇಳಿಯುತ್ತೆ, ಕೊರೀತಾ ಹೋಗುತ್ತೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋ ಗಂಗಾಮೂಲ ಇಂಥದ್ದೇ ಬೆಟ್ಟಸಾಲಲ್ಲಿದೆ. 2019ರ ಆಗಸ್ಟಲ್ಲಿ ಚಾರ್ಮಾಡಿಲಿ ಗುಡ್ಡ ಕುಸಿದಿದ್ದನ್ನ ಆ ಕಡೆಯವರು ಮರೆತಿಲ್ಲ. ಅಲ್ಲಿ ಮಣ್ಣು ಎಷ್ಟು ಸಡಿಲ ಅಂತ ಅವರಿಗೆ ಗೊತ್ತು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸೋದು ಅಪರಾಧ ಕೂಡ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಅಂತ ಗೊತ್ತಿದ್ದೂ ಚೆಕ್‌ಪೋಸ್ಟ್‌ನವರ ಹತ್ರ "ಐದೇ ನಿಮಿಷ ಸಾರ್" ಅಂತ ಗೋಗರೆಯೋರನ್ನ ನೋಡಿದ್ದೀನಿ. ರಸ್ತೆ ಅಂತ ಇರೋದರ ಮೇಲೇ ಓಡಿಸಿ. ಕೆಟ್ಟ ರಸ್ತೆಗೆ ನಮ್ಮ ರಾಜ್ಯದಲ್ಲಿ ಬರ ಇಲ್ಲ.

ಸರಿ, ಮುಂದಿನ ವಾರ ಇನ್ಶೂರೆನ್ಸ್. ಈ ಮೂರೂಮುಕ್ಕಾಲು ಲಕ್ಷದ ಗಾಡಿಗೆ ಎರಡನೇ ವರ್ಷ ಬರೀ ಥರ್ಡ್ ಪಾರ್ಟಿ ಸಾಕಾ, ಕ್ಲೇಮ್ ಮಾಡುವಾಗ ಏನೇನು ಕೈಯಿಂದ ಹೋಗುತ್ತೆ ಅಂತ ಪಾಲಿಸಿ ಮುಂದಿಟ್ಕೊಂಡೇ ಓದೋಣ. ನಿಮ್ಮ ಹಳೇ ಪಾಲಿಸಿ ಕಾಗದ ಹುಡುಕಿಟ್ಕೊಳ್ಳಿ. ಬರ್ತೀನಿ.