ಚಳಿಗಾಲಕ್ಕೆ ಮುನ್ನ ಕೊಟ್ಟಿಗೆಯ ಲೆಕ್ಕ



ದೀಪಾವಳಿಯ ಹೊತ್ತಿಗೆ ಮೈಸೂರು ಸೀಮೆಯ ಗೋಮಾಳಗಳು ಇನ್ನೂ ಹಸುರಾಗಿರುತ್ತವೆ. ಪಟ್ಟಣದ ಅಂಚಿನಲ್ಲಿ ನಾಲ್ಕು ಹಸುಗಳನ್ನು ಸಾಕಿಕೊಂಡಿರುವ ಗೃಹಸ್ಥರು ಆ ಹಸುರನ್ನು ಕಂಡು ನಿಶ್ಚಿಂತರಾಗುವುದು ಸಹಜ. ಆದರೆ ಮಾರ್ಗಶಿರದ ಒಣಗಾಳಿ ಬೀಸಿತೆಂದರೆ ಹುಲ್ಲು ಬೀಜ ಕಟ್ಟಿ ನಾರಾಗುವುದು; ಅದರಲ್ಲಿ ಸತ್ತ್ವವು ಅತ್ಯಲ್ಪ. ಅಲ್ಲಿಂದ ಯುಗಾದಿಯವರೆಗೆ ದನವು ಬದುಕಬೇಕಾದುದು ನಾವು ಕೂಡಿಟ್ಟ ಮೇವಿನಿಂದಲೇ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲೆಂದು ಹೆಸರಾಯಿತಷ್ಟೆ. ಆ ದನಗಳ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿ, ಋತುವನ್ನರಿತು ಮಂದೆಯನ್ನು ನಡೆಸುತ್ತಿದ್ದರು. ನಾಲ್ಕು ಹಸುವಿನವನಿಗೆ ಕಾವಲೆಲ್ಲಿಯದು? ಹಿತ್ತಲಿನ ಬಣವೆಯೇ ಅವನ ಕಾವಲು.

ಆದುದರಿಂದ ಮೊದಲು ಲೆಕ್ಕ. 300 ಕಿಲೋ ತೂಗುವ ಹಸುವಿಗೆ ದಿನವೊಂದಕ್ಕೆ ಸುಮಾರು 6 ಕಿಲೋ ಒಣಹುಲ್ಲೆಂದು ಹಿಡಿಯಿರಿ. ನಾಲ್ಕು ಹಸುಗಳಿಗೆ 120 ದಿನಕ್ಕೆ 2,880 ಕಿಲೋ. ತುಳಿದು ಕೆಡುವ ಹತ್ತರಲ್ಲೊಂದು ಪಾಲನ್ನು ಸೇರಿಸಿದರೆ ಸುಮಾರು 3,200. ಭತ್ತದ ಹುಲ್ಲಿಗಿಂತ ರಾಗಿಯ ಹುಲ್ಲು ಮೇಲು. ಬಣವೆ ಸಾಲದೆಂದು ಕಂಡರೆ ಸುಗ್ಗಿಯಲ್ಲಿಯೇ ಕೊಳ್ಳಿರಿ. ಕೊಳ್ಳುವ ಶಕ್ತಿಯಿಲ್ಲವಾದರೆ ಒಂದು ಹಸುವನ್ನು, ಅದು ಮೈದುಂಬಿರುವಾಗಲೇ, ಮೇವುಳ್ಳವರಿಗೆ ಒಪ್ಪಿಸಿರಿ. ಈ ಮಾತು ಕಠಿನವೆನಿಸಬಹುದು. ನಾಲ್ಕನ್ನೂ ಅರೆಹೊಟ್ಟೆಯಲ್ಲಿ ಕಟ್ಟಿಹಾಕುವುದು ಅದಕ್ಕಿಂತಲೂ ಕಠಿನ.

ಬರಿಯ ಒಣಹುಲ್ಲು ಹೊಟ್ಟೆಯನ್ನು ತುಂಬೀತೇ ಹೊರತು ಮೈಯನ್ನು ಉಳಿಸದು. ಬದುವಿನ ಹುಲ್ಲನ್ನು ಹೂಬಿಡುವ ಸಮಯದಲ್ಲಿಯೇ ಕೊಯ್ದು ಒಣಗಿಸಿಡಿರಿ. ಗಬ್ಬದ ಹಸುವನ್ನು ಈಯುವುದಕ್ಕೆ ಎರಡು ತಿಂಗಳು ಮುಂಚೆ ಕರೆಯುವುದನ್ನು ನಿಲ್ಲಿಸಿ, ಹಿಂಡಿ ಬೂಸಗಳನ್ನು ಕೊಡತಕ್ಕದ್ದು; ಒಡಲಿನ ಕರುವು ವಿಶೇಷವಾಗಿ ಬೆಳೆಯುವುದು ಆಗಲೇ. ಹಾಲಿಲ್ಲದ ಹಸುವೆಂದು ಹಿಂಡಿಯನ್ನು ತಪ್ಪಿಸಿದವರಿಗೆ ಅದರ ನಷ್ಟವು ಕರು ಹುಟ್ಟಿದ ಮೇಲೆ ತಿಳಿಯುವುದು.

ಕೆರೆಯಂಚಿನಲ್ಲಿ ಮೇದ ದನಕ್ಕೆ ಯಕೃತ್ತಿನ ಹುಳುವಿನ ಭಯವುಂಟು. ಮಳೆ ನಿಂತೊಡನೆ ಪಶುವೈದ್ಯರನ್ನು ಕಂಡು ಔಷಧಿಯನ್ನು ಹಾಕಿಸಿರಿ. ಕಾಲುಬಾಯಿ ರೋಗದ ಲಸಿಕೆಯನ್ನೂ ವಿಚಾರಿಸಿರಿ. ಮಲಗುವ ನೆಲ ಒಣಗಿರಲಿ. ಬೆಳಗಿನಲ್ಲಿ ತೊಟ್ಟಿಯ ಕೊರೆಯುವ ನೀರನ್ನು ದನವು ಮನಸಾರೆ ಕುಡಿಯದು; ಬಾವಿಯಿಂದ ಆಗತಾನೆ ಸೇದಿದ ನೀರನ್ನು ಕೊಡಿರಿ.

ಸಂಕ್ರಾಂತಿಯಂದು ಹಸುವಿನ ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವೆವು. ಅಂದು ಒಮ್ಮೆ ಹಿತ್ತಲಿಗೆ ಹೋಗಿ ಬಣವೆಯನ್ನು ನೋಡಿರಿ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ನಿಮ್ಮ ಹಸುಗಳು ಯುಗಾದಿಯನ್ನು ಸುಖವಾಗಿ ಕಾಣುವುವು.