ಯಾರ ಬಾಗಿಲಲ್ಲಿ ಕೇಳುವುದು?

ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು ಸ್ವಲ್ಪ ಭಾರವಾಗಿಯೇ ಅಚ್ಚು ಹಾಕಿಸಿದ್ದಾರೆ, ‘ಇಸ್ಲಾಮಿನಲ್ಲಿ ಮಾನವ ಹಕ್ಕುಗಳು ಮತ್ತು ಆಧುನಿಕ ಅಂತರರಾಷ್ಟ್ರೀಯ ಕಾನೂನು’ ಅಂತ. ಪ್ಯಾರಿಸ್ಸು, ಕೈರೋ, ಜಿನೀವಾ ಎಲ್ಲ ಕಡೆಗೂ ಹೋಗಿಬರೋಣ. ಹೊರಡುವುದು ಮಾತ್ರ ಹತ್ತಿರದಿಂದಲೇ. ಇಲ್ಲಿ ಬೆಂಗಳೂರಿನ ಶ್ರೀನಗರದಲ್ಲಿ ಆಟೋ ಹತ್ತಿ ಲಾಲ್‌ಬಾಗ್ ದಾಟಿಕೊಂಡರೆ ಸಿದ್ದಯ್ಯ ರಸ್ತೆ. ಅಲ್ಲಿ ನ್ಯಾಯದೇಗುಲ ಅನ್ನುವ ಕಟ್ಟಡದಲ್ಲಿ ನಮ್ಮ ಊರಿನ ಕುಟುಂಬ ನ್ಯಾಯಾಲಯಗಳಿವೆ.

1991ರಲ್ಲಿ ಬೆಂಗಳೂರಿನ ಒಬ್ಬ ಗಂಡ, ಮದುವೆಯಾದ ಕೆಲವೇ ತಿಂಗಳಲ್ಲಿ, ಹೆಂಡತಿಗೆ ತಲಾಖ್ ಹೇಳಿದ. ಗೊತ್ತಾಗಿದ್ದ ಮೆಹರ್, ಅಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನ, 5,000 ರೂಪಾಯಿ. ಆಕೆ 2002ರಲ್ಲಿ ಜೀವನಾಂಶ ಕೇಳಿ ದಾವೆ ಹೂಡಿದಳು. ತಿಂಗಳಿಗೆ 3,000 ರೂಪಾಯಿ ಕೊಡಬೇಕು ಅಂತ ಕುಟುಂಬ ನ್ಯಾಯಾಲಯ 2011ರಲ್ಲಿ ಹೇಳಿತು. ಆತ ಹೈಕೋರ್ಟ್ ಮೆಟ್ಟಿಲು ಹತ್ತಿದ. ನಿಕಾಹ್ ಎಂದರೆ ಒಪ್ಪಂದ, ಒಪ್ಪಂದ ಮುಗಿದ ಮೇಲೆ ನನಗೂ ಆಕೆಗೂ ಏನು ಲೇವಾದೇವಿ ಅನ್ನುವುದು ಅವನ ಕಡೆಯ ವಾದ. 2021ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿಯನ್ನು ವಜಾ ಮಾಡಿ, ಮೇಲೆ 25,000 ರೂಪಾಯಿ ಖರ್ಚನ್ನೂ ಹೇರಿದರು. ನಿಕಾಹ್ ಒಪ್ಪಂದವೇ ಹೌದು, ಹಿಂದೂ ವಿವಾಹದಂತೆ ಸಂಸ್ಕಾರವಲ್ಲ, ಆದರೂ ಅದು ಮುರಿದ ಮೇಲೆ ಕೆಲವು ಹಕ್ಕು, ಕೆಲವು ಹೊಣೆ ಉಳಿಯುತ್ತವೆ ಅಂದರು. ಗತಿಯಿಲ್ಲದ ಮಾಜಿ ಹೆಂಡತಿಯನ್ನು ನೋಡಿಕೊಳ್ಳುವುದು ಧರ್ಮನಿಷ್ಠ ಮುಸಲ್ಮಾನನ ಕರ್ತವ್ಯ ಅನ್ನುವುದನ್ನೂ ಎತ್ತಿ ಹೇಳಿದರು. ಗಂಡ ಧರ್ಮವನ್ನು ಅಡ್ಡ ಹಿಡಿದ, ನ್ಯಾಯಾಲಯ ಧರ್ಮವನ್ನೇ ಅವನ ಮುಂದಿಟ್ಟಿತು. ಇಷ್ಟಕ್ಕೆ ಮೂವತ್ತು ವರ್ಷ ಹಿಡಿಯಿತು.

ಈ ವಿಷಯದ ಮೇಲೆ ಭಾಷಣ ಮಾಡುವವರು ಸಾಮಾನ್ಯವಾಗಿ ಎರಡು ಪಟ್ಟಿ ಹಿಡಿದು ಬರುತ್ತಾರೆ. ಈ ಕಡೆ ಕುರ್‌ಆನ್, ಹದೀಸ್. ಆ ಕಡೆ ವಿಶ್ವಸಂಸ್ಥೆಯ ಘೋಷಣೆಯ ಮೂವತ್ತು ವಿಧಿಗಳು. ಜಾತಕ ಕೂಡಿಸಿದ ಹಾಗೆ ಇಷ್ಟು ಗುಣ ಕೂಡಿತು, ಇಷ್ಟು ಕೂಡಲಿಲ್ಲ ಅಂತ ಲೆಕ್ಕ ಒಪ್ಪಿಸುತ್ತಾರೆ. ಕೆಲವರಿಗೆ ಎಲ್ಲವೂ ಕೂಡುತ್ತದೆ, ಕೆಲವರಿಗೆ ಒಂದೂ ಕೂಡುವುದಿಲ್ಲ. ಯಾವ ಲೆಕ್ಕ ಬರಬೇಕು ಅನ್ನುವುದು ಮನೆಯಿಂದ ಹೊರಡುವಾಗಲೇ ತೀರ್ಮಾನವಾಗಿರುತ್ತದೆ. ನನ್ನ ಪ್ರಶ್ನೆ ಬೇರೆ. ಹಕ್ಕು ಇದೆ ಅಂತ ಇಬ್ಬರೂ ಹೇಳುತ್ತಾರಲ್ಲ, ಅದು ಸಿಗದೆ ಹೋದ ಹೆಣ್ಣುಮಗಳು ಯಾರ ಬಾಗಿಲಿಗೆ ಹೋಗಬೇಕು? ಆ ಬಾಗಿಲಲ್ಲಿ ಕೂತವರು ಯಾರು?

ಇಸ್ಲಾಮಿನ ಕಡೆಯಿಂದ ನೋಡೋಣ. ಅಲ್ಲಿಯ ಶಾಸ್ತ್ರಕಾರರು ಹಕ್ಕುಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಅಲ್ಲಾಹನ ಹಕ್ಕು ಒಂದು, ಅವನ ದಾಸರ ಹಕ್ಕು ಅಂದರೆ ಮನುಷ್ಯರ ಹಕ್ಕು ಇನ್ನೊಂದು. ನಮಾಜು, ಉಪವಾಸದಲ್ಲಿ ಲೋಪವಾದರೆ ಅವನು ಕ್ಷಮಿಸಬಹುದು. ಇನ್ನೊಬ್ಬನ ದುಡ್ಡು ನುಂಗಿದ್ದರೆ, ಇನ್ನೊಬ್ಬನನ್ನು ನೋಯಿಸಿದ್ದರೆ, ಆ ಮನುಷ್ಯನೇ ಕ್ಷಮಿಸಬೇಕು. ಇದು ಸಣ್ಣ ಮಾತಲ್ಲ. 1111ರಲ್ಲಿ ತೀರಿಕೊಂಡ ಘಜಾಲಿ, ಶರೀಅತ್ತಿನ ಉದ್ದೇಶವೇ ಐದನ್ನು ಕಾಪಾಡುವುದು ಅಂತ ಬರೆದರು: ಧರ್ಮ, ಪ್ರಾಣ, ಬುದ್ಧಿ, ಸಂತತಿ, ಆಸ್ತಿ. ಪ್ರವಾದಿಯವರು ತಮ್ಮ ಕೊನೆಯ ಹಜ್ ಯಾತ್ರೆಯಲ್ಲಿ ಮಾಡಿದ ಉಪದೇಶದಲ್ಲಿ ಅರಬರು ಮೇಲು, ಉಳಿದವರು ಕೀಳು ಅನ್ನುವುದನ್ನು ತಳ್ಳಿಹಾಕಿದ್ದರು ಅನ್ನುವುದು ಪರಂಪರೆ.

ಆಸ್ತಿಯ ವಿಚಾರ ಬಂದಾಗ ನಾವು ಹಿಂದೂಗಳು ಸ್ವಲ್ಪ ತಗ್ಗಿ ಮಾತಾಡುವುದು ಒಳ್ಳೆಯದು. ಹೆಣ್ಣಿಗೆ ತಂದೆಯ ಆಸ್ತಿಯಲ್ಲಿ ಗೊತ್ತಾದ ಪಾಲು ಉಂಟು, ಮೆಹರ್ ಆಕೆಯದೇ ಸ್ವತ್ತು ಅನ್ನುವುದನ್ನು ಕುರ್‌ಆನ್ ಏಳನೇ ಶತಮಾನದಲ್ಲೇ ಹೇಳಿತು. ಮದುವೆಯಾದ ಹೆಣ್ಣು ತನ್ನ ಹೆಸರಲ್ಲಿ ಪೂರ್ತಿ ಸ್ವತಂತ್ರವಾಗಿ ಆಸ್ತಿ ಇಟ್ಟುಕೊಳ್ಳುವ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1882ರಲ್ಲಿ. ನಮ್ಮ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಕಾಯ್ದೆ ಮಾಡಿದ್ದು 1933ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಹಾಗಂತ ಸಮವಾಯಿತೇ? ಇಲ್ಲ. ಕುರ್‌ಆನಿನ ಲೆಕ್ಕದಲ್ಲಿ ಮಗಳ ಪಾಲು ಮಗನ ಪಾಲಿನ ಅರ್ಧ. ಕುಟುಂಬವನ್ನು ಸಾಕುವ ಹೊಣೆ ಗಂಡಿನ ಮೇಲಿದೆ, ಅದಕ್ಕೇ ಹೀಗೆ ಅನ್ನುತ್ತಾರೆ ಪಂಡಿತರು. ಗಂಡ ಬಿಟ್ಟುಹೋಗಿ, ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿದು ಮನೆ ನಡೆಸುವ ಹೆಂಗಸಿಗೆ ಈ ಸಮಾಧಾನದಿಂದ ಏನು ಬಂತು?

ಇಲ್ಲಿಗೆ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯನ್ನು ತರುತ್ತೇನೆ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ನೋಡಿದವರಿಗೆ ಗೊತ್ತಿರುತ್ತದೆ, ಇದೇ ಕತೆ ಅದು. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಆಶ್ರಫ್‌ಳನ್ನು ಗಂಡ ಬಿಟ್ಟಿದ್ದಾನೆ. ಮಗುವಿಗೆ ಕಾಯಿಲೆ, ಔಷಧಿಗೆ ದುಡ್ಡಿಲ್ಲ. ಓದು ಬಲ್ಲ ಜುಲೇಖಾ ಬೇಗಂ ಅವಳಿಗೆ ತಿಳಿಹೇಳುತ್ತಾಳೆ, ಧರ್ಮದಲ್ಲೇ ನಿನಗೆ ಹಕ್ಕಿದೆ, ಹೋಗಿ ಕೇಳು ಅಂತ. ಅವಳು ಅರ್ಜಿ ಕೊಡುತ್ತಾಳೆ. ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೇ ಬಂದು ಕೂರುತ್ತಾಳೆ. ಮಸೀದಿಯ ಆಡಳಿತ ನೋಡುವ, ನ್ಯಾಯ ಹೇಳಬೇಕಾದ ಮುತವಲ್ಲಿ ಸಾಹೇಬರು ಇವತ್ತು ನಾಳೆ ಅಂತ ಜಾರಿಕೊಳ್ಳುತ್ತಾರೆ, ಕೊನೆಗೆ ಗಂಡನ ಕಡೆಗೇ ವಾಲುತ್ತಾರೆ. ಮಗು ಉಳಿಯುವುದಿಲ್ಲ. ಈ ಕತೆಯಲ್ಲಿ ಧರ್ಮಗ್ರಂಥ ಆಶ್ರಫ್‌ಳ ಪರವಾಗಿಯೇ ಇದೆ. ಕೈಕೊಡುವುದು ಅದನ್ನು ಜಾರಿ ಮಾಡಬೇಕಾದ ಮನುಷ್ಯ. ಆ ಮನುಷ್ಯನ ಮೇಲೆ ದೂರು ಕೊಡಬೇಕೆಂದರೆ ಅವಳಿಗೆ ಉಳಿದದ್ದು ಪರಲೋಕ. ಊರಿನ ಹೆಂಗಸರು ಆ ಮುತವಲ್ಲಿಗೆ ಹಾಕುವ ಶಾಪ ಇದೆಯಲ್ಲ, ಅಷ್ಟೇ ಅಲ್ಲಿಯ ಮೇಲ್ಮನವಿ. ವಕೀಲಿಕೆ ಮಾಡಿದ ಕೈ ಬರೆದ ಕತೆ ಅದು, ನೋಡಿದರೆ ಗೊತ್ತಾಗುತ್ತದೆ.

ಸರಿ, ಈಗ ಪ್ಯಾರಿಸ್. 1948ರ ಡಿಸೆಂಬರ್ 10. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಪರವಾಗಿ 48 ಮತ, ವಿರೋಧ ಸೊನ್ನೆ, ತಟಸ್ಥರು ಎಂಟು. ಆ ಎಂಟರಲ್ಲಿ ಸೌದಿ ಅರೇಬಿಯಾ ಒಂದು. ಮದುವೆಯಲ್ಲಿ ಸಮಾನತೆ ಮತ್ತು ಧರ್ಮ ಬದಲಿಸುವ ಸ್ವಾತಂತ್ರ್ಯ, ಈ ಎರಡಕ್ಕೆ ಸೌದಿ ಪ್ರತಿನಿಧಿಯ ತಕರಾರು. ತಮಾಷೆಯೆಂದರೆ ಆ ಪ್ರತಿನಿಧಿ ಜಮೀಲ್ ಬರೂದಿ ಲೆಬನಾನಿನ ಕ್ರೈಸ್ತರು! ಆದರೆ ಪಾಕಿಸ್ತಾನ ಘೋಷಣೆಯ ಪರ ನಿಂತಿತು. ಅದರ ವಿದೇಶಾಂಗ ಮಂತ್ರಿ ಜಫ್ರುಲ್ಲಾ ಖಾನ್ ಎದ್ದು ನಿಂತು, ಇಸ್ಲಾಂ ಧರ್ಮಪ್ರಸಾರ ಮಾಡುವ ಧರ್ಮ, ಬೇರೆಯವರು ನಮ್ಮ ಕಡೆಗೆ ಬರಬಹುದು ಅನ್ನುವುದಾದರೆ ನಮ್ಮವರು ಹೋಗುವುದಕ್ಕೂ ಅಡ್ಡಿ ಮಾಡಬಾರದು ಅನ್ನುವ ಅರ್ಥದಲ್ಲಿ ವಾದಿಸಿದರು. ಮೊದಲ ವಿಧಿಯ ಇಂಗ್ಲಿಷ್ ಕರಡಿನಲ್ಲಿ ಗಂಡಸರೆಲ್ಲ ಸಮಾನರು ಅನ್ನುವ ಹಾಗಿದ್ದುದನ್ನು ಮನುಷ್ಯರೆಲ್ಲ ಅಂತ ತಿದ್ದಿಸಿದವರು ನಮ್ಮ ಹಂಸಾ ಮೆಹ್ತಾ. ಹೀಗಾಗಿ ಈ ಘೋಷಣೆ ಪಶ್ಚಿಮದವರು ಬರೆದು ನಮ್ಮ ತಲೆಗೆ ಕಟ್ಟಿದ್ದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಜಫ್ರುಲ್ಲಾ ಖಾನರ ಕತೆ ಅಲ್ಲಿಗೆ ಮುಗಿಯಲಿಲ್ಲ. ಅವರು ಅಹ್ಮದೀಯ ಪಂಗಡದವರು. 1970ರಿಂದ 73ರವರೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಅಧ್ಯಕ್ಷರಾಗಿದ್ದರು. 1974ರಲ್ಲಿ ಪಾಕಿಸ್ತಾನ ಸಂವಿಧಾನಕ್ಕೆ ತಿದ್ದುಪಡಿ ಮಾಡಿ, ಅಹ್ಮದೀಯರು ಮುಸ್ಲಿಮರೇ ಅಲ್ಲ ಅಂದಿತು. ಇಸ್ಲಾಂ ಏನು ಹೇಳುತ್ತದೆ ಅಂತ ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಹೇಳಿದವರನ್ನು ಅವರ ದೇಶವೇ ಇಸ್ಲಾಮಿನ ಹೊರಗೆ ಕೂರಿಸಿತು.

ಶರೀಅತ್ತು, ವಿಶ್ವಸಂಸ್ಥೆಯ ಘೋಷಣೆ ಎರಡೂ ಒಂದೇ ಅನ್ನುವವರ ಜೊತೆಗೂ ನನ್ನ ಜಗಳವಿದೆ. 1990ರಲ್ಲಿ ಮುಸ್ಲಿಂ ದೇಶಗಳ ಒಕ್ಕೂಟ ಕೈರೋದಲ್ಲಿ ತನ್ನದೇ ಒಂದು ಘೋಷಣೆ ಹೊರಡಿಸಿತು. ಮನುಷ್ಯಘನತೆಯಲ್ಲಿ ಹೆಣ್ಣು ಗಂಡಿಗೆ ಸಮ ಅಂತ ಅದರಲ್ಲಿದೆ. ಓದುತ್ತಾ ಹೋದರೆ ಕೊನೆಯ ಎರಡು ವಿಧಿಗಳಲ್ಲಿ, ಇಲ್ಲಿ ಹೇಳಿದ ಹಕ್ಕುಗಳೆಲ್ಲ ಶರೀಅತ್ತಿಗೆ ಒಳಪಟ್ಟವು, ಅರ್ಥ ಹೇಳುವುದಕ್ಕೂ ಶರೀಅತ್ತೇ ಆಧಾರ ಅಂತ ಬರುತ್ತದೆ. ಆ ಶರೀಅತ್ತಿನ ಅರ್ಥ ಹೇಳುವವರು ಯಾರು ಅಂದರೆ ಉತ್ತರವಿಲ್ಲ. ಸುಡಾನಿನಲ್ಲಿ ಮಹಮೂದ್ ಮೊಹಮ್ಮದ್ ತಾಹಾ ಅನ್ನುವ ವಯೋವೃದ್ಧ ಚಿಂತಕರು ಕುರ್‌ಆನನ್ನು ಸಮಾನತೆಯ ಕಡೆಗೆ ಓದಿದರು. 1985ರ ಜನವರಿಯಲ್ಲಿ ಧರ್ಮಭ್ರಷ್ಟ ಅಂತ ಅವರನ್ನು ಗಲ್ಲಿಗೇರಿಸಿದರು. ಧರ್ಮ ಬಿಟ್ಟವನಿಗೆ ಶಿಕ್ಷೆ ಅನ್ನುವ ಹಳೆಯ ಧರ್ಮಶಾಸ್ತ್ರಕ್ಕೂ ಧರ್ಮ ಬದಲಿಸುವ ಸ್ವಾತಂತ್ರ್ಯ ಕೊಡುವ ಸಾರ್ವತ್ರಿಕ ಘೋಷಣೆಯ ಹದಿನೆಂಟನೇ ವಿಧಿಗೂ ರಾಜಿ ಸಾಧ್ಯವಿಲ್ಲ. ಅದನ್ನು ಮುಚ್ಚಿಟ್ಟು ಸೌಹಾರ್ದದ ಭಾಷಣ ಮಾಡಬಾರದು.

ಇನ್ನು ಆಧುನಿಕ ಕಾನೂನಾದರೂ ಒಂದೇ ದನಿಯಲ್ಲಿ ಮಾತಾಡುತ್ತದೆಯೇ? ಕಾಲೇಜಿಗೆ ಹಿಜಾಬ್ ತೊಟ್ಟು ಬರಬಹುದೇ ಅಂತ ಉಡುಪಿಯಲ್ಲಿ ಎದ್ದ ಗಲಾಟೆ ಎಲ್ಲರಿಗೂ ನೆನಪಿದೆ. 2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟಿನ ಮೂವರ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಅಂದಿತು. ಆಗ ಹೇಳಿದ ಜೀವನಾಂಶದ ತೀರ್ಪು ಕೊಟ್ಟ ನ್ಯಾಯಮೂರ್ತಿ ದೀಕ್ಷಿತ್ ಆ ಪೀಠದಲ್ಲೂ ಇದ್ದರು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು. ಹೇಮಂತ್ ಗುಪ್ತಾ ಅವರು ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರು. ಸುಧಾಂಶು ಧುಲಿಯಾ ಅವರು, ಅತ್ಯಗತ್ಯವೋ ಅಲ್ಲವೋ ಅನ್ನುವ ಪ್ರಶ್ನೆಯೇ ಬೇಕಿರಲಿಲ್ಲ, ಇದು ಹುಡುಗಿಯ ಆಯ್ಕೆ, ನಮಗೆ ಮುಖ್ಯ ಅವಳ ಓದು ಅಂದರು. ಹೊರಗಡೆಯೂ ಇದೇ ಕತೆ. ಮುಖ ಮುಚ್ಚುವುದನ್ನು ನಿಷೇಧಿಸಿದ ಫ್ರಾನ್ಸಿನ ಕಾನೂನು ಸರಿ ಅಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2014ರಲ್ಲಿ ಹೇಳಿತು. ಅದೇ ಕಾನೂನು ಹಕ್ಕಿನ ಉಲ್ಲಂಘನೆ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2018ರಲ್ಲಿ ಹೇಳಿತು. ಎರಡೂ ಆಧುನಿಕವೇ, ಎರಡೂ ಅಂತರರಾಷ್ಟ್ರೀಯವೇ. ನನ್ನ ಮಟ್ಟಿಗೆ ಧುಲಿಯಾ ಅವರ ದಾರಿ ಸರಿ. ಕಾಲೇಜಿನ ಗೇಟಿನಲ್ಲಿ ನಿಂತ ಹುಡುಗಿಗೆ ತನ್ನ ಧರ್ಮಶಾಸ್ತ್ರದ ಪರೀಕ್ಷೆ ಪಾಸು ಮಾಡಿ ಒಳಗೆ ಬಾ ಅನ್ನುವುದು ನ್ಯಾಯಾಲಯದ ಕೆಲಸವಲ್ಲ.

ಮೂರು ತಲಾಖ್ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಧರ್ಮಗ್ರಂಥ ನೋಡಿ ತೀರ್ಮಾನಿಸುವುದು, ಹಕ್ಕು ನೋಡಿ ತೀರ್ಮಾನಿಸುವುದು ಅನ್ನುವ ಈ ಎರಡು ದಾರಿಗಳೂ ಒಂದೇ ಪೀಠದಲ್ಲಿ ಕೂತಿದ್ದವು. 2017ರ ಆಗಸ್ಟ್ 22, ಐವರು ನ್ಯಾಯಮೂರ್ತಿಗಳು, ಮೂವರು ಒಂದು ಕಡೆ, ಇಬ್ಬರು ಒಂದು ಕಡೆ. ಒಂದೇ ಉಸಿರಿನ ತಲಾಖ್ ಮನಸೋಇಚ್ಛೆಯದು, ಸಂವಿಧಾನದ ಹದಿನಾಲ್ಕನೇ ವಿಧಿಗೆ ವಿರುದ್ಧ ಅಂದರು ನಾರಿಮನ್ ಮತ್ತು ಲಲಿತ್. ಕುರಿಯನ್ ಜೋಸೆಫ್ ಸಂವಿಧಾನದವರೆಗೆ ಹೋಗಲೇ ಇಲ್ಲ. ಕುರ್‌ಆನಿಗೇ ವಿರುದ್ಧವಾದದ್ದು ಶರೀಅತ್ ಆಗುವುದು ಹೇಗೆ ಅಂದರು. ಅಲ್ಪಮತದಲ್ಲಿ ಉಳಿದವರು ಮುಖ್ಯ ನ್ಯಾಯಮೂರ್ತಿ ಖೇಹರ್ ಮತ್ತು ನಮ್ಮ ಮೂಡುಬಿದಿರೆ ಕಡೆಯ ಬೆಳುವಾಯಿಯ ಅಬ್ದುಲ್ ನಜೀರ್. ಇದು ವೈಯಕ್ತಿಕ ಕಾನೂನಿನ ಭಾಗ, ಬದಲಿಸುವುದಾದರೆ ಶಾಸನಸಭೆ ಬದಲಿಸಲಿ ಅನ್ನುವುದು ಅವರಿಬ್ಬರ ನಿಲುವು. 2019ರಲ್ಲಿ ಸಂಸತ್ತು ಹೀಗೆ ಒಂದೇ ಉಸಿರಿಗೆ ತಲಾಖ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಅಂತ ಕಾಯ್ದೆ ಮಾಡಿತು. ಜೈಲಿಗೆ ಹೋದವನು ಹೆಂಡತಿಗೆ ತಿಂಗಳ ದುಡ್ಡು ಹೇಗೆ ಕೊಡುತ್ತಾನೆ ಅನ್ನುವುದು ಆ ಕಾಯ್ದೆಗೆ ಹೊಳೆದಂತಿಲ್ಲ.

ಕೊನೆಯದಾಗಿ ಜಿನೀವಾ ಕಡೆಯ ಒಂದು ಕಾಗದ. ಹೆಣ್ಣಿನ ವಿರುದ್ಧದ ತಾರತಮ್ಯ ಹೋಗಲಾಡಿಸುವ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿತು. ಭಾರತ 1993ರಲ್ಲಿ ಅದನ್ನು ಸ್ಥಿರೀಕರಿಸಿತು. ಜೊತೆಗೇ ಒಂದು ಹೇಳಿಕೆಯನ್ನೂ ಲಗತ್ತಿಸಿತು. ಯಾವುದೇ ಸಮುದಾಯದ ವೈಯಕ್ತಿಕ ವ್ಯವಹಾರಗಳಲ್ಲಿ ಆ ಸಮುದಾಯವೇ ಮುಂದೆ ಬಂದು ಒಪ್ಪದ ಹೊರತು ನಾವು ಕೈಹಾಕುವುದಿಲ್ಲ ಅಂತ ಅದರ ತಾತ್ಪರ್ಯ. ಓದಲು ಬಹಳ ಸಭ್ಯವಾಗಿದೆ. ಸಮುದಾಯ ಅಂದರೆ ಯಾರು? ಬಾನು ಮುಷ್ತಾಕ್ ಹಾಸನದಲ್ಲಿ, ಮಸೀದಿಯಲ್ಲಿ ನಮಗೂ ಜಾಗ ಬೇಕು ಅಂದರು. ಸಮುದಾಯದ ಒಳಗಿನಿಂದಲೇ ಮುಂದೆ ಬಂದ ದನಿ ಅದು. 2000ದಲ್ಲಿ ಅವರ ಕುಟುಂಬಕ್ಕೆ ಬಹಿಷ್ಕಾರ ಬಿತ್ತು. 2025ರ ಮೇ ತಿಂಗಳಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಾರ ಹಾಕಲು ಎಲ್ಲರೂ ಸಾಲುಗಟ್ಟಿದೆವು, ಅದು ಬೇರೆ ಮಾತು.

ಅವರಿಗೂ ಮೊದಲು ಕಾಸರಗೋಡಿನ ಸಾರಾ ಅಬೂಬಕ್ಕರ್ ಇದ್ದರು. ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅಪ್ಪನ ಹಟಕ್ಕೆ ನಾದಿರಾಳ ತಲಾಖ್ ಆಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಮತ್ತೆ ಕೂಡಬೇಕು ಅನ್ನುವ ಆಸೆ. ಹಾಗೆ ಕೂಡಬೇಕಾದರೆ ಆಕೆ ನಡುವೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗಾದರೂ ಮದುವೆಯಾಗಿ ಬರಬೇಕು ಅನ್ನುತ್ತಾರೆ. ನಾದಿರಾ ಮಸೀದಿಯ ಕೆರೆಗೆ ಬೀಳುತ್ತಾಳೆ. ಈ ವಿಷಯದಲ್ಲಿ ಆಕೆಯ ಒಪ್ಪಿಗೆ ಏನು ಅಂತ ಕಾದಂಬರಿಯಲ್ಲಿ ಅಪ್ಪನಾಗಲಿ ಊರಿನ ಹಿರಿಯರಾಗಲಿ ಕೇಳುವುದಿಲ್ಲ. ಸಮುದಾಯದ ಒಪ್ಪಿಗೆ ಬೇಕು ಅಂತ ದೆಹಲಿಯಲ್ಲಿ ಕೂತು ಆ ಹೇಳಿಕೆ ಬರೆದಾಗ ಈ ಕಾದಂಬರಿ ಬಂದು ಹನ್ನೆರಡು ವರ್ಷ ಆಗಿತ್ತು. ಹೇಳಿಕೆಯನ್ನು ಭಾರತ ಇನ್ನೂ ಹಿಂದಕ್ಕೆ ಪಡೆದಿಲ್ಲ.

ಇನ್ನು ನೀವು ಕೇಳಿ. ಹಿಂದಿನ ಸಾಲಿನಲ್ಲಿರುವ ತಾಯಂದಿರಿಗೆ ಮೊದಲು ಮೈಕ್ ಕೊಡಿ.